ಕೆನ್ನೆಯ ಗೆರೆಗಳು

ಬೆಟ್ಟಮ್ಮ ಕನ್ನಡಕ ಏರಿಸಿಕೊಂಡು, ಸಂತೆಯಲ್ಲಿ ಬದನೆಕಾಯಿ ಆರಿಸುವವಳ ಹಾಗೆ ಭಾವೀ ಸೊಸೆ ಸ್ನೇಹಲತಾಳ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿದಳು. ಎರಡೂ ಕೆನ್ನೆಗಳ ಮೇಲೆ ಸಣ್ಣ ನರಗಳು ಕೆಂಪು ದಾರದೆಳೆಗಳಂತೆ ಎದ್ದು ಕಾಣುತ್ತಿದ್ದವು.

"ಮಕದಾಗೆ ಇಂಗೆ ಕಾಯ್ಲೆ ಐತೆ ಅಂತ ಮೊದ್ಲೇ ಹೇಳ್ಬುಡ್ಬೇಕಿತ್ತು ಕಣಣ್ಣ," ಎಂದಳು, ಹುಡುಗಿಯ ತಂದೆ ಪುಟ್ಟರಾಜುವಿಗೆ. "ನಮ್ ರಾಮನಾಥಪುರದಾಗೆ ನಾಕು ಜನ ಏನಂದಾರು?"

ನಿಶ್ಚಿತಾರ್ಥವಾಗಿ ಆರು ತಿಂಗಳು. ಪುಟ್ಟರಾಜು ತಲೆ ತಗ್ಗಿಸಿದ.

ಕೊಣನೂರಿನ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಹೇಳುವ ಸ್ನೇಹಲತಾಗೆ ನಗು ಬಂತು. "ಕಾಯ್ಲೆ ಅಲ್ಲ ಅತ್ತೆ, ನಿಮ್ಮ ಕ್ರೀಮು. 'ಹುಡ್ಗಿ ವಸಿ ಕಪ್ಪು' ಅಂತ ನಿಶ್ಚಿತಾರ್ಥದ ದಿನ ನೀವೇ ಕೊಟ್ರಲ್ಲ? ಹಾಸನದ ಚರ್ಮದ ಡಾಕ್ಟ್ರು ನೋಡಿ ಬೈದ್ರು. ಅದ್ರಲ್ಲಿ ಸ್ಟೀರಾಯ್ಡ್ ಇದ್ಯಂತೆ. ಚರ್ಮ ತೆಳ್ಳಗಾಗಿ, ರಕ್ತನಾಳ ಹಿಗ್ಗಿ ಹೊರಗೆ ಕಾಣ್ತಿದಾವೆ. ಕ್ರೀಮ್ ಬಿಟ್ಟು, ಬಿಸ್ಲಿಂದ ಮುಖ ಕಾಪಾಡ್ಕೊಬೇಕು. ಆಮೇಲೂ ಉಳಿಯೋ ಗೆರೆಗೆ ಲೇಸರ್ ಮಾಡ್ತಾರಂತೆ."

"ಊರೋರೆಲ್ಲಾ ಹಚ್ಕೊತಾರೆ, ನಿಂಗೊಬ್ಳಿಗೇ ಇಂಗಾಯ್ತಾ? ಅದೇನೋ ಲೇಸರ್ ಅಂದ್ಯಲ್ಲ, ಅದ್ನ ಮಾಡ್ಸಿ ಬೆಳ್ಳಗ್ ಮಾಡ್ಕೊ. ಆಮ್ಯಾಕೆ ಲಗ್ನದ ಮಾತು."

"ಸುಣ್ಣ ಹೊಡಿಸೋಕೆ ನಾನೇನು ಗೋಡೆನಾ?" ಸ್ನೇಹಲತಾ ಎದ್ದು ನಿಂತಳು. "ನಿಮ್ಮ ಮಗ ಏನಂತಾರೆ?"

ಮೂಲೆಯ ಕುರ್ಚಿಯಲ್ಲಿದ್ದ ಹರ್ಷವರ್ಧನ್ ತಾಯಿಯ ಮುಖ ನೋಡಿದ. ತಾಯಿ ಕಣ್ಣು ಕೆಕ್ಕರಿಸಿದಳು. ಅವನು ನೆಲ ನೋಡಿದ.

"ಹಂಗಾದ್ರೆ ಈ ಸಂಬಂಧ ಬೇಡ," ಎಂದಳು ಸ್ನೇಹಲತಾ.

"ಸುಮ್ಕಿರವ್ವ..." ಎಂದು ಪುಟ್ಟರಾಜು ತೊದಲಿದ. ಅಷ್ಟರಲ್ಲಿ ಬೆಟ್ಟಮ್ಮ, "ಕೊಬ್ಬು ಕಣ್ರೀ, ಕೊಬ್ಬು!" ಎನ್ನುತ್ತ ಅಂಗಳ ದಾಟಿ ಕಾರು ಹತ್ತಿ ಬಾಗಿಲು ಬಡಿದುಕೊಂಡಳು.

ತಾಯಿಯ ಹಿಂದೆಯೇ ಹೊರಟಿದ್ದ ಹರ್ಷವರ್ಧನ್ ಏನನ್ನೋ ಮರೆತವನಂತೆ ಹಿಂದಿರುಗಿ ಬಂದ. ಹೊಸ್ತಿಲಲ್ಲಿ ನಿಂತು, ಕಾರಿನ ಕಡೆ ಬೆನ್ನು ಹಾಕಿ, ಕರ್ಚೀಫಿನಿಂದ ಕೆನ್ನೆ ಉಜ್ಜಿಕೊಂಡ. ಪೌಡರಿನಡಿ ಅವೇ ಕೆಂಪು ಎಳೆಗಳು, ಇವಳಿಗಿಂತ ದಟ್ಟವಾಗಿ.

"ಅಮ್ಮ ನಂಗೂ ಅದ್ನೇ ಹಚ್ಚಿಸ್ತಾವ್ರೆ, ಎರಡು ವರ್ಷದಿಂದ," ಎಂದು ಪಿಸುಗುಟ್ಟಿದ. "ಆ ಡಾಕ್ಟ್ರು ಹಾಸನದಾಗೆ ಎಲ್ಲವ್ರೆ? ಅಮ್ಮಂಗೆ ಮಾತ್ರ ಹೇಳ್ಬ್ಯಾಡಿ."

ಸ್ನೇಹಲತಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ವಿಳಾಸ ಬರ್ಕೊಡ್ತೀನಿ," ಎಂದಳು. "ಆದ್ರೆ ಅವ್ರ ಹತ್ರ ಕೆನ್ನೆಗೆ ಮಾತ್ರ ಔಷಧಿ ಇದೆ, ನಾಲಿಗೆಗಿಲ್ಲ."