ಅಖಂಡ ದರ್ಶನ

ಚಿಕ್ಕಗಂಗಮ್ಮ ಹೆಂಗಸರನ್ನು ಸರಿಸಿಕೊಂಡು ಬಂದು ವೇದಿಕೆಯ ಮೇಲೆ, ಗುರೂಜಿಯ ಪಕ್ಕದಲ್ಲೇ ಕೂತಳು. ಕೈಯಲ್ಲಿ ತಾಳ, ಬಾಯಲ್ಲಿ ಭಜನೆ, ಎದೆಯಲ್ಲಿ ಕೊಲ್ಲುವಷ್ಟು ಸಿಟ್ಟು. ಉಲ್ಲಾಳದ ಆ ಕಲ್ಯಾಣ ಮಂಟಪದಲ್ಲಿ ಅವಳಿಗಿಂತ ದೊಡ್ಡ ಭಕ್ತೆ ಇಲ್ಲ ಎಂದು ಎಲ್ಲರೂ ನಂಬಿದ್ದರು. ನಂಬಲಿ ಎಂದೇ ಅವಳು ವರ್ಷವಿಡೀ ಗುರೂಜಿಯ ಕೋಣೆ ಗುಡಿಸಿ ಸೇವೆ ಮಾಡಿದ್ದಳು.

ಸಕ್ಕರೆ ಕಾಯಿಲೆಗೆ ಔಷಧಿ ಬೇಡ, ಉಪವಾಸ ಸಾಕು ಎನ್ನುವುದು ಪುರುಷೋತ್ತಮ ಗುರೂಜಿಯ ಬೋಧನೆ. ವರ್ಷಕ್ಕೊಮ್ಮೆ ತಾವೇ ಬರೀ ನೀರು ಕುಡಿದು ಕೂತು ತೋರಿಸುತ್ತಿದ್ದರು. ಜನ ತಮ್ಮ ಮಾತ್ರೆ, ಇಂಜೆಕ್ಷನ್ನುಗಳನ್ನು ತಂದು ಅವರ ಪಾದದ ಬಳಿ ಸುರಿಯುತ್ತಿದ್ದರು.

ಹಾಗೆ ಸುರಿದವರಲ್ಲಿ ಚಿಕ್ಕಗಂಗಮ್ಮನ ಮಗಳು ಸ್ಪಂದನಳೂ ಒಬ್ಬಳು. ಚಿಕ್ಕಂದಿನಿಂದ ಇನ್ಸುಲಿನ್ ಮೇಲೆಯೇ ಬದುಕಿದ್ದ ಕಾಲೇಜು ಹುಡುಗಿ. "ಊಟಾನೇ ಇಲ್ಲ ಅಂದ್ಮೇಲೆ ಸಕ್ಕರೆ ಎಲ್ಲಿಂದ ಬರುತ್ತೆ? ಸೂಜಿ ಯಾಕಮ್ಮಾ?" ಎಂದಿದ್ದರು ಗುರೂಜಿ. ಕೇಳುವುದಕ್ಕೆ ಸರಿಯಾಗಿಯೇ ಇತ್ತು. ಮೂಡಲಪಾಳ್ಯದ ಮನೆಯಲ್ಲಿ ಹುಡುಗಿ ನೀರು, ನೀರು ಎಂದಳು. ವಾಂತಿ ಮಾಡಿದಳು. ಆಸ್ಪತ್ರೆ ತಲುಪುವ ಮುಂಚೆ ಹೋಗಿಬಿಟ್ಟಳು.

ಹೆತ್ತವಳು ಬಂದು ಕೇಳಿದಾಗ ಗುರೂಜಿ ಮೈಕ್ ಹಿಡಿದೇ ಉತ್ತರಿಸಿದ್ದರು. "ಹುಡುಗಿಗೆ ನಂಬಿಕೆ ಸಾಲದಾಯ್ತು. ಸೂಜಿ ಬಿಡು ಅಂತ ನಾನೆಲ್ಲಿ ಹೇಳ್ದೆ?" ಸಭೆ ಚಪ್ಪಾಳೆ ತಟ್ಟಿತ್ತು. ಆ ಚಪ್ಪಾಳೆ ಅವಳ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು.

ಈ ವರ್ಷದ ಉಪವಾಸ ಶುರುವಾಗುವಾಗ ಅವಳೇ ಎದ್ದು ನಿಂತು ಕೈ ಮುಗಿದಿದ್ದಳು. "ಈ ಸಲ ಕೋಣೆಗೆ ಹೋಗ್ಬೇಡಿ ಸ್ವಾಮಿ. ಹಗಲೂ ರಾತ್ರಿ ಇಲ್ಲೇ ಕೂತು ಅಖಂಡ ದರ್ಶನ ಕೊಡಿ." ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುತ್ತಿತ್ತು, ಸಭೆ ಜೈಕಾರ ಹಾಕಿತು. ಗುರೂಜಿಗೆ ಅದು ಬಿಸಿ ತುಪ್ಪವಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಕ್ಕು ತಲೆಯಾಡಿಸಿದರು.

ಮರುದಿನ ಅವರ ಕಾರ್ಯದರ್ಶಿ ಗೌತಮ್ ಬಂದ. "ಗುರೂಜಿ ಐದೇ ನಿಮಿಷ ಒಳಗೆ ಹೋಗಿ ಬರ್ಲಿ, ಆಂಟಿ."

"ಗುರೂಜಿ ವ್ರತ ಕೆಡಿಸ್ತೀಯೇನಪ್ಪಾ?" ಚಿಕ್ಕಗಂಗಮ್ಮ ದನಿ ಏರಿಸಿದಳು. ಹೆಂಗಸರೆಲ್ಲ ಎದ್ದು ಸುತ್ತಲೂ ಕೋಟೆ ಕಟ್ಟಿದರು. ಗೌತಮ್ ಬೆವರು ಒರೆಸಿಕೊಂಡು ಹಿಂದೆ ಸರಿದ.

ಅದರ ಮರುದಿನ ಮಧ್ಯಾಹ್ನದ ಹೊತ್ತಿಗೆ ಗುರೂಜಿಯ ಬಾಯಿಂದ ಕಳಿತ ಹಣ್ಣಿನ ಪರಿಮಳ ಹರಡಿತು. ಉಸಿರು ಆಳವಾಗಿ, ಜೋರಾಗಿ, ಬಿಡುವಿಲ್ಲದೆ ಹೊರಟಿತು. "ದಿವ್ಯ ಗಂಧ! ಪ್ರಾಣಾಯಾಮ ಸಿದ್ಧಿ!" ಎಂದು ಜನ ಕೆನ್ನೆ ಬಡಿದುಕೊಂಡರು. ಗುರೂಜಿಯ ಕೈ ಪಾದದ ಬಳಿಯ ಇಂಜೆಕ್ಷನ್ ರಾಶಿಯ ಕಡೆಗೆ ತೆವಳಿದರೆ ಅದನ್ನೂ ಆಶೀರ್ವಾದ ಎಂದುಕೊಂಡು ತಲೆ ಒಡ್ಡಿದರು. ಭಕ್ತಿಗೆ ಕಣ್ಣಿಲ್ಲ, ಮೂಗೂ ಇಲ್ಲ.

ಆ ವಾಸನೆ ಚಿಕ್ಕಗಂಗಮ್ಮನಿಗೆ ಹೊಸದಲ್ಲ. ಮಗಳ ಬಾಯಿಂದಲೂ ಬಂದಿತ್ತು. ಡಾಕ್ಟರು ಆಮೇಲೆ ಬಿಡಿಸಿ ಹೇಳಿದ್ದರು. ಇನ್ಸುಲಿನ್ ಇಲ್ಲದಿದ್ದರೆ ದೇಹಕ್ಕೆ ರಕ್ತದಲ್ಲಿರುವ ಸಕ್ಕರೆ ದಕ್ಕುವುದಿಲ್ಲ. ಅದು ತನ್ನದೇ ಕೊಬ್ಬನ್ನು ಉರಿಸುತ್ತದೆ, ಕೀಟೋನ್ ಎಂಬ ಆಮ್ಲ ರಕ್ತಕ್ಕೆ ತುಂಬುತ್ತದೆ. ಅದನ್ನು ಹೊರಹಾಕಲು ಉಸಿರು ಒದ್ದಾಡುತ್ತದೆ. ಇನ್ಸುಲಿನ್ ಮೇಲೆ ಬದುಕುವವರು ಊಟ ಬಿಟ್ಟರೂ ಅದನ್ನು ಬಿಡಬಾರದು.

ಮಾಡಿದ್ದುಣ್ಣೋ ಮಹರಾಯ, ಎಂದುಕೊಂಡಳು ಅವಳು. ತಾಳ ನಿಲ್ಲಿಸಲಿಲ್ಲ.

ಗುರೂಜಿ ಅವಳ ಹೆಗಲಿಗೆ ವಾಲಿ ಕಿವಿಯಲ್ಲಿ ಉಸುರಿದರು. "ಇಂಜೆಕ್ಷನ್... ನನ್ ಕೋಣೇಲಿ..."

"ಗೊತ್ತು ಸ್ವಾಮಿ. ನೀವು ಬಿಸಾಕಿದ ಸೂಜಿ ದಿನಾ ಗುಡಿಸಿದೋಳು ನಾನೇ."

"ಸಾಯ್ತೀನಿ ಕಣಮ್ಮಾ..."

"ಸಾಯಕ್ಕೆ ಬಿಡ್ತೀನಾ? ಸತ್ರೆ ಈ ಜನ ನಿಮ್ಗೆ ಗುಡಿ ಕಟ್ತಾರೆ." ಚಿಕ್ಕಗಂಗಮ್ಮ ತಾಳ ಕೆಳಗಿಟ್ಟು ಮೈಕ್ ಎತ್ತಿಕೊಂಡಳು. "ಆಂಬುಲೆನ್ಸ್ ಕರ್ಸಿದೀನಿ, ಗೇಟ್ ಹತ್ರ ನಿಂತೈತೆ. ನನ್ ಕಿವೀಲಿ ಹೇಳಿದ್ದನ್ನ ಇದರಲ್ಲಿ ಹೇಳಿ."

ಭಜನೆ ನಿಂತಿತು. ಮಂಟಪದ ಒಳಗೂ ಹೊರಗೂ ಇದ್ದ ಧ್ವನಿವರ್ಧಕಗಳಲ್ಲೆಲ್ಲ ಗುರೂಜಿಯ ದನಿ ಮೊಳಗಿತು: "ನಂಗೂ ಸಕ್ಕರೆ ಕಾಯಿಲೆ... ಯಾರಾದ್ರೂ ಇನ್ಸುಲಿನ್ ಕೊಡ್ರೋ!"