ಎಂಟನೇ ಓಣಿ, ಇಪ್ಪತ್ತೇಳನೇ ಮನೆ

ಯುವರಾಜ ಕೀಬೋರ್ಡನ್ನು ಎತ್ತಿ ಟೇಬಲ್ಲಿಗೆ ಕುಕ್ಕಿದ. 7/19 ಎಂದು ಹೊಡೆದು ಎಂಟರ್ ಒತ್ತಿದರೆ ಪರದೆಯ ಮೇಲೆ ಜುಲೈ ಹತ್ತೊಂಬತ್ತು ಎಂದು ಬಂದು ಕೂತಿತ್ತು. ಅಳಿಸಿ ಮತ್ತೆ ಹೊಡೆದ. ಮತ್ತೆ ಜುಲೈ.

"ಇದರ ಹೆಣಾ ಎತ್ಲಿ! ನಾ ಹೇಳಿದ್ದು ಬರೀಲೇ ಅಂದ್ರ ತನ್ನ ಶಾಣ್ಯಾತನ ತೋರಸ್ತೈತಿ. ಕಲತ ಮಂದಿ ಮಾಡಿದ ಮಷಿನ್ ಅಲ್ಲಾ, ಅವರಂಗ ಐತಿ!"

ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟು ಬೀಳಗಿಯ ಟೈಪಿಂಗ್ ಅಂಗಡಿ ಸೇರಿದವನಿಗೆ ಬಂದಿದ್ದ ಕೆಲಸ, ಹಿನ್ನೀರಿನಲ್ಲಿ ಮುಳುಗಿದ ಊರೊಂದರ ಮನೆಗಳ ಯಾದಿ. 7/19 ಎಂದರೆ ಏಳನೇ ಓಣಿ, ಹತ್ತೊಂಬತ್ತನೇ ಮನೆ. ಹೋದ ವಾರ ಎಲ್ಲ ನಂಬರುಗಳೂ ತಾರೀಖುಗಳಾಗಿಯೇ ಪುನರ್ವಸತಿ ಆಫೀಸಿಗೆ ಹೋಗಿದ್ದವು. "ಇದು ಮನಿ ಯಾದಿಯೋ ಕ್ಯಾಲೆಂಡರೋ?" ಎಂದು ಸಾಹೇಬರು ಕಾಗದ ಮುಖಕ್ಕೆ ಎಸೆದಿದ್ದರು. ನಾಳೆ ಇದೇ ಯಾದಿ ನೋಡಿ ಮನೆ ಕಳೆದುಕೊಂಡವರಿಗೆ ಹೊಸ ಪ್ಲಾಟುಗಳ ಚೀಟಿ ಎತ್ತುವವರಿದ್ದರು.

ಬಾಗಿಲ ಪಕ್ಕದ ಬೆಂಚಿನಲ್ಲಿ ಕಸ್ತೂರೆವ್ವ ಮುಂಜಾನೆಯಿಂದ ಕೂತಿದ್ದಳು. ಆ ಊರಿನವಳು. ಹೋದ ವಾರದ ಯಾದಿಯಲ್ಲಿ ಬಿಟ್ಟುಹೋಗಿದ್ದ ತನ್ನ ಮನೆ ಈ ಸಲ ಏರುವುದನ್ನು ಕಣ್ಣಾರೆ ನೋಡಿಯೇ ಹೋಗುವವಳು.

"ಏನ್ ಬರದೈತೋ ತಮ್ಮಾ?"

"ತಾರವ್ವನ ಮನಿ ಹಾಕಿದ್ರ ಜುಲೈ ಹತ್ತೊಂಬತ್ತು ಅಂತೈತಿ ಆಯಿ."

"ಖರೇನ ಹೇಳೇತಲ್ಲ. ಅವತ್ತ ಅಕಿ ಮನಿಗಿ ನೀರ ಹೊಕ್ಕದ್ದು."

ಯುವರಾಜನಿಗೆ ನಗು ಬಂತು. ಕೆಳಗಿನ ಸಾಲು ಹೊಡೆದ. ಸುಂದರವ್ವ, 7/22. ಜುಲೈ ಇಪ್ಪತ್ತೆರಡು.

"ಹೂಂ, ಮೂರು ದಿನಾ ಬಿಟ್ಟು. ಒಲಿ ಮ್ಯಾಲ ರೊಟ್ಟಿ ಹಂಚು ಹಂಗ ಇತ್ತು. ಎತ್ತಾಕೂ ಪುರಸೊತ್ತ ಸಿಗಲಿಲ್ಲ ಅಕಿಗಿ."

ನಗು ನಿಂತಿತು. ಪಕ್ಕದಲ್ಲಿದ್ದ ಪಂಚನಾಮೆ ಫೈಲನ್ನು ಎಳೆದುಕೊಂಡ. ಅದರಲ್ಲಿ ಒಂದೊಂದು ಮನೆಗೂ ನೀರು ನುಗ್ಗಿದ ದಿನ ಬರೆದಿತ್ತು. ಏಳು ಮನೆ ತಾಳೆ ನೋಡಿದ. ಏಳಕ್ಕೆ ಏಳೂ ಕೂಡಿದವು. ಸರ್ವೆಯವರು ಆ ನಂಬರುಗಳನ್ನು ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದದ್ದು ನೀರು ಬರುವ ಎರಡು ವರ್ಷ ಮೊದಲು.

ಬನಹಟ್ಟಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಗೆಳೆಯ ಅಮೋಲನಿಗೆ ಫೋನ್ ಹಚ್ಚಿದ.

"ಇಷ್ಟಕ್ಕ ಅಳಾಕತ್ತಿಯೇನಲೇ? ನಂಬರಿನ ಮುಂದ, ಮ್ಯಾಲ, ಒಂದು ಸಣ್ಣ ಕೊಕ್ಕಿ ಹಾಕು. ಸಿಂಗಲ್ ಕೋಟ್. ಆಮ್ಯಾಲ ಅದರ ಬಾಯಿ ಬಂದ್."

ಕೊಕ್ಕಿ ಹಾಕುತ್ತ ಹೋದ. ಒಂದೊಂದೇ ತಾರೀಖು ಅಳಿಸಿ ಮನೆ ಮರಳಿ ಬಂತು. ಸಂಜೆ ನಾಲ್ಕರ ಹೊತ್ತಿಗೆ ಉಳಿದದ್ದು ಕಟ್ಟಕಡೆಯ ಒಂದೇ ಹೆಸರು, ಕಸ್ತೂರೆವ್ವನದು. 8/27. ಊರ ದಿಬ್ಬದ ಮೇಲಿನ ಮನೆ. ಪಂಚನಾಮೆಯಲ್ಲಿ ಅದರ ಮುಂದಿನ ಜಾಗ ಖಾಲಿ. ಸುತ್ತ ನೀರು ಕಟ್ಟಿ ದಾರಿ ಹೋಗಿದ್ದರಿಂದ ಯಾರೂ ಹತ್ತಿರ ಸುಳಿದಿರಲಿಲ್ಲ.

"ನಂದಕ್ಕ ಕೊಕ್ಕಿ ಹಾಕಬ್ಯಾಡೋ ಯಪ್ಪಾ," ಎಂದಳು ಕಸ್ತೂರೆವ್ವ. ಎದ್ದು ಬಂದು ಅವನ ಕುರ್ಚಿಗೆ ಕೈಯೂರಿದಳು. ಕೈತುಂಬ ಹಸಿರು ಬಳೆ, ಹಣೆಯಲ್ಲಿ ಕುಂಕುಮ.

"ಯಾಕ ಆಯಿ?"

"ನಾ ಮುಧೋಳಕ್ಕ ಮಗಳ ಬಾಣಂತನಕ್ಕ ಹೋಗಿದ್ದೆ. ನಮ್ಮವರು ತೊಲಿ-ಜಂತಿ ಕಾಯತೇನಂತ ಮನ್ಯಾಗ ಉಳದ್ರು. ಆಮ್ಯಾಲ ಕಂಡಿಲ್ಲ. ಹೆಣಾನೂ ಸಿಗಲಿಲ್ಲ. ಮಂದಿ ಬಳಿ ಒಡಿ, ವರ್ಷಕ್ಕೊಮ್ಮೆ ಎಡಿ ಹಿಡಿ ಅಂತಾರ. ಯಾವ ದಿನಾ ಅಂತ ಹಿಡೀಲಿ? ನೀರ ಹೊಕ್ಕ ದಿನಾ ತಿಳದ್ರ ಅವರ ದಿನಾನೂ ತಿಳದಂಗ. ಒಮ್ಮೆ ಅದರ ಬಾಯಿಲೆ ಹೇಳಸು. ಆಮ್ಯಾಲ ಬೇಕಾದ್ದು ಹಾಕು."

ಯುವರಾಜ ಕೊಕ್ಕಿ ಇಲ್ಲದೆ 8/27 ಎಂದು ಹೊಡೆದ. ಬೆರಳು ಎಂಟರ್ ಮೇಲೆ ಒಂದು ಗಳಿಗೆ ನಿಂತಿತು. ಒತ್ತಿದ.

8/27.

ಕೊಕ್ಕಿ ತಪ್ಪಿ ಬಿದ್ದಿದೆಯೇನೋ ಎಂದು ನೋಡಿದ. ಇಲ್ಲ. ಪರದೆಯಲ್ಲಿ ಪಕ್ಕದ ಖಾಲಿ ಚೌಕದಲ್ಲಿ 7/19 ಹೊಡೆದ. ಜುಲೈ ಹತ್ತೊಂಬತ್ತು. ಅವಳದನ್ನು ಅಳಿಸಿ ಹೊಸದಾಗಿ ಹೊಡೆದ. 8/27. ಮೂರನೆಯ ಸಲವೂ ಅದೇ. ದಿನವಿಡೀ ನಾಲಿಗೆಯ ತುದಿಯಲ್ಲಿದ್ದ ಬೈಗುಳಗಳಲ್ಲಿ ಒಂದೂ ಈಗ ಬಾಯಿಗೆ ಬರಲಿಲ್ಲ.

"ಆಯಿ," ಎಂದ. "ಇದು ತಾರೀಖು ಆಗವಲ್ದು."

ಕಸ್ತೂರೆವ್ವ ಪರದೆಯನ್ನೇ ನೋಡುತ್ತ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ನೀರ ಹೊಕ್ಕೇ ಇಲ್ಲ, ನಮ್ಮವರು ಒಳಗಿಂದ ಚಿಲಕಾ ಹಾಕ್ಕೊಂಡು ಕುಂತಾರಂತ ಮೂರು ವರ್ಷದಿಂದ ಹೇಳಾಕತ್ತೇನಿ," ಎಂದಳು. "ಯಾರ ಕೇಳತಾರ?"