ಪ್ರಾಣಿಗಳ ಈಗಿನ ಸ್ಥಿತಿ

ರಸ್ತೆಯಲ್ಲಿ ತಡೆದು ನಿಲ್ಲಿಸಿದ ಲಗೇಜ್ ಆಟೋದ ಟಾರ್ಪಾಲು ಸರಿಸುತ್ತಲೇ ಹೆಡ್ ಕಾನ್‌ಸ್ಟೇಬಲ್ ನಾಗಲಕ್ಷ್ಮಿಯ ಮುಖಕ್ಕೆ ಬಿಸಿಗಾಳಿಯೂ ಮೇಕೆಯ ವಾಸನೆಯೂ ಒಟ್ಟಿಗೆ ರಪ್ಪನೆ ಹೊಡೆದವು. ಒಳಗೆ ಒತ್ತಿಕೊಂಡು ನಿಂತ ಆರು ಮೇಕೆ, ಅವುಗಳ ಕಾಲ ಸಂದಿಯಲ್ಲಿ ಒಂದು ಮರಿ. ಪ್ರಾಣಿಗಳನ್ನು ಗಾಳಿ, ನೀರಿಲ್ಲದೆ ವಾಹನದಲ್ಲಿ ತುಂಬುವುದು ಅಪರಾಧವೆಂದು ಹೋದ ವಾರವಷ್ಟೇ ಅವಳಿಗೆ ತರಬೇತಿಯಾಗಿತ್ತು. ಕೇಸು ಇಷ್ಟು ಬೇಗ ಕೈಗೆ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದಳು.

"ಯಾರದ್ದು ಇವು?"

ಡ್ರೈವರ್ ನರಸಯ್ಯನ ಪಕ್ಕದಿಂದ ಮುನಿಕೆಂಪಮ್ಮ ಸೆರಗು ಸರಿಮಾಡಿಕೊಂಡು ಇಳಿದಳು. "ನಮ್ಮವೇ ತಾಯಿ. ಹೆಬ್ಬಾಳದ ದನದ ಆಸ್ಪತ್ರೇಲಿ ಸೂಜಿ ಆಕ್ಸ್ಕೊಂಡು ಸೋಲದೇವನಹಳ್ಳಿಗೆ ಓಗ್ತಾ ಇದೀವಿ."

"ಟಾರ್ಪಾಲ್ ಯಾಕೆ ಬಿಗ್ದಿದೀರಾ? ಅವು ಉಸಿರಾಡೋದು ಬೇಡ್ವಾ?"

"ಬಿಸ್ಲು ಬೀಳ್ದೆ ಇರ್ಲಿ ಅಂತ..."

"ಕಾನೂನಿದೆ ಅಜ್ಜಿ. ಆಟೋ ಸ್ಟೇಷನ್‌ಗೆ ಹೋಗ್ಲಿ."

ಠಾಣೆಯ ಅಂಗಳದಲ್ಲಿ ನೆರಳಿದ್ದ ಕಡೆಯೆಲ್ಲ ಸಿಬ್ಬಂದಿಯ ಬೈಕುಗಳಿದ್ದವು. ಹನ್ನೊಂದು ಗಂಟೆಗೆ ನರಸಯ್ಯ ಆಟೋವನ್ನು ಬಿಸಿಲಲ್ಲೇ ನಿಲ್ಲಿಸಿದ. ನಾಗಲಕ್ಷ್ಮಿ ಕೀಲಿ ಇಸಿದುಕೊಂಡು ಒಳಗೆ ಫ್ಯಾನಿನ ಕೆಳಗೆ ಬರೆಯಲು ಕೂತಳು. ಮೊದಲ ಹಾಳೆಯಲ್ಲಿ ಸೆಕ್ಷನ್ ತಪ್ಪಾಯಿತು. ತರಬೇತಿ ಕೊಟ್ಟವರಿಗೆ ಫೋನು ಮಾಡಿ ಕೇಳಿ, ಹೊಸ ಹಾಳೆ ತೆಗೆದುಕೊಂಡಳು. ಅಷ್ಟರಲ್ಲಿ ಮುನಿಕೆಂಪಮ್ಮ ಎರಡು ಸಲ ಬಾಗಿಲಿಗೆ ಬಂದು ನಿಂತಳು.

"ಒಂದೀಟು ನೀರು ಕುಡಿಸ್ಲಾ ತಾಯಿ?"

"ಈಗ ಅವು ಸಾಕ್ಷಿ ಅಜ್ಜಿ, ಮುಟ್ಟಂಗಿಲ್ಲ. ಸುಮ್ನೆ ಕೂತ್ಕೊಳ್ಳಿ."

ಗಂಟೆ ಒಂದಾಗುವ ಹೊತ್ತಿಗೆ ತುಂಬಲು ಉಳಿದದ್ದು ಒಂದೇ ಕಲಂ: 'ಪ್ರಾಣಿಗಳ ಈಗಿನ ಸ್ಥಿತಿ'. ಕಣ್ಣಾರೆ ನೋಡಿಯೇ ಬರೆಯೋಣವೆಂದು ನಾಗಲಕ್ಷ್ಮಿ ಎದ್ದು ಹೊರಗೆ ಬಂದಳು.

ಆಟೋದ ತಗಡು ಮುಟ್ಟಿದರೆ ಸುಡುತ್ತಿತ್ತು. ಮೇಕೆಗಳು ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತಿದ್ದವು. ಮರಿ ಕತ್ತು ಚೆಲ್ಲಿ ಮಲಗಿತ್ತು.

"ಅಯ್ಯೋ! ಅಜ್ಜಿ, ಬೇಗ ಬನ್ನಿ!"

ಮರಿಯನ್ನು ಯೂನಿಫಾರ್ಮಿಗೆ ಅವಚಿಕೊಂಡು ಒಳಗೆ ಓಡಿದವಳೇ ತನ್ನ ಮೇಜಿನ ಪಕ್ಕದ ತಣ್ಣನೆಯ ನೆಲದ ಮೇಲೆ ಮಲಗಿಸಿದಳು. ಮುನಿಕೆಂಪಮ್ಮ ಸೆರಗು ಒದ್ದೆ ಮಾಡಿ ಅದರ ಕಿವಿ, ಹೊಟ್ಟೆ, ಕಾಲು ಒರೆಸಿದಳು. ನಾಗಲಕ್ಷ್ಮಿ ಬೊಗಸೆಯಲ್ಲಿ ನೀರು ಹಿಡಿದೇ ಕೂತಳು. ನರಸಯ್ಯ ಉಳಿದವನ್ನು ಬೈಕುಗಳ ನಡುವಿನ ನೆರಳಿಗೆ ಇಳಿಸಿ ಬಕೆಟ್ ಇಟ್ಟ. ಹತ್ತು ನಿಮಿಷವಾಯಿತು. ಆಮೇಲೆ ಮರಿ ಕೆಮ್ಮಿದಂತೆ ಒಮ್ಮೆ ಅರಚಿ, ತಡವರಿಸುತ್ತ ಎದ್ದು, ಠಾಣೆಯ ನಟ್ಟನಡುವೆ ಉಚ್ಚೆ ಹೊಯ್ದಿತು.

ನಾಗಲಕ್ಷ್ಮಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ಮುನಿಕೆಂಪಮ್ಮ ಸೆರಗು ಹಿಂಡಿಕೊಂಡಳು. ದನಿಯಲ್ಲಿ ಕೋಪವೇನೂ ಇರಲಿಲ್ಲ. "ನಮ್ಮ ಆಟೋನಾಗೆ ಮುಕ್ಕಾಲು ಗಂಟೆ ತುಂಬ್ಕೊಂಡು ಬಂದಿದ್ದು ತಪ್ಪೇ, ಬರ್ಕೊ ತಾಯಿ. ನಿಮ್ ಟೇಸನ್ನಾಗೆ ಬಿಸ್ಲಲ್ಲಿ ನಿಂತು ಎರಡು ಗಂಟೆ ಆಯ್ತು. ಕೆಳಗೆ ಇನ್ನೊಬ್ರ ಎಸ್ರು ಬರ್ಯಾಕೂ ಒಸಿ ಜಾಗ ಬಿಟ್ಟಿರು."

ನಾಗಲಕ್ಷ್ಮಿ ಬರೆದ ಹಾಳೆಯನ್ನೊಮ್ಮೆ, ಮರಿಯನ್ನೊಮ್ಮೆ ನೋಡಿದಳು. ಹಾಳೆಯನ್ನು ನಾಲ್ಕಾಗಿ ಮಡಚಿ ಡ್ರಾಯರಿಗೆ ತಳ್ಳಿದಳು. "ಇನ್ಮೇಲೆ ಆಟೋದಲ್ಲಿ ಮೂರಕ್ಕಿಂತ ಜಾಸ್ತಿ ಹತ್ತಿಸ್ಬಾರ್ದು, ತಿಳೀತಾ?" ಎಂದಳು.

"ಸರಿ ಕಣವ್ವ. ಇವತ್ತು ಮಿಕ್ಕಿದ್ದು ಯಾತರಾಗೆ ಓಗ್ಬೇಕು?"

ಅಂದು ಮಧ್ಯಾಹ್ನ ಹೆಸರಘಟ್ಟ ರಸ್ತೆಯಲ್ಲಿ ಹೋಗುತ್ತಿದ್ದವರೆಲ್ಲ ತಿರುತಿರುಗಿ ನೋಡಿದರು. ಲಗೇಜ್ ಆಟೋದ ಹಿಂದೆಯೇ ಪೊಲೀಸರ ಗಸ್ತಿನ ಹೊಯ್ಸಳ ವಾಹನ, ಗಾಜುಗಳನ್ನೆಲ್ಲ ಪೂರ್ತಿ ಇಳಿಸಿಕೊಂಡು, ನಿಧಾನವಾಗಿ ಸಾಗುತ್ತಿತ್ತು. ಮುಂದಿನ ಸೀಟಿನಲ್ಲಿ ನಾಗಲಕ್ಷ್ಮಿ, ಮಡಿಲಲ್ಲಿ ಮರಿ. ಹಿಂದಿನ ಕಿಟಕಿಯಿಂದ ಗಡ್ಡದ ಮೇಕೆಯೊಂದು ಕತ್ತು ಹೊರಗೆ ಹಾಕಿ, ದೊಡ್ಡ ಸಾಹೇಬರ ಹಾಗೆ, ದಾರಿಯುದ್ದಕ್ಕೂ ಜನರನ್ನು ನೋಡುತ್ತ ಬರುತ್ತಿತ್ತು.